ಏಣಿ ತೆಗೆದ ಅಟ್ಟ

ಗಂಗರಾಜು ಅಗ್ನಿಶಾಮಕ ದಳಕ್ಕೆ ಸೇರಿದಾಗ ಅವನ ತಾಯಿ ಚಿಕ್ಕಗೌರಮ್ಮ ನೆಂಟರಿಗೆಲ್ಲ ಹೇಳಿಕೊಂಡದ್ದು ಒಂದೇ ಮಾತು. ಪೊಲೀಸು ಕೆಲಸದ ಹಾಗೆ ಯಾರಿಗೂ ಹೊಡೆಯುವುದು ಬಡಿಯುವುದು ಇಲ್ಲ, ಜೀವ ಉಳಿಸುವ ಕೆಲಸ, ಪುಣ್ಯ ಬರುತ್ತದೆ ಎಂದು. ಹೊನ್ನವಳ್ಳಿ ಕಡೆ ಬೆಳೆದ ಅವನಿಗೆ ಮರ ಹತ್ತುವುದು, ಬಾವಿಗಿಳಿಯುವುದು ಹೊಸದೇನಲ್ಲ. ಠಾಣೆಯಲ್ಲಿ ಎಲ್ಲರಿಗಿಂತ ಮುಂಚೆ ನೀರಿನ ಬಂಡಿಯಿಂದ ಧುಮುಕುತ್ತಿದ್ದವನು ಅವನೇ. ಬೇಸಿಗೆ ಬಂತೆಂದರೆ ಈ ತೆಂಗಿನ ಸೀಮೆಯಲ್ಲಿ ದಿನ ಬಿಟ್ಟು ದಿನ ಬೆಂಕಿ. ನಾರಿನ ಕಾರ್ಖಾನೆ, ಕಾಯಿ ಸುಲಿದ ಮಟ್ಟೆಯ ರಾಶಿ, ಹುಲ್ಲಿನ ಬಣವೆ, ತೋಟದ ಬೇಲಿ. ನಾರಿನ ಪುಡಿಗೆ ಹತ್ತಿದ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಅದನ್ನು ಕೆದಕಿ ಕೆದಕಿ ನೀರು ಹಾಯಿಸಿ, ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದರೆ ಪಕ್ಕದಲ್ಲಿ ತಮಟೆ ಬಡಿದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ.

ಹೆಂಡತಿ ಭವ್ಯಶ್ರೀ ದಬ್ಬೇಘಟ್ಟದವಳು. ಹೆಣ್ಣು ನೋಡಲು ಹೋದ ದಿನ ಅವಳು ಕಾಫಿ ಕೊಟ್ಟು ತಿರುಗಿ ಒಳಗೆ ಹೋಗುವಾಗ ಬೆನ್ನಿನ ಮೇಲೆ ತೂಗುತ್ತಿದ್ದ ಉದ್ದನೆಯ ಜಡೆಯನ್ನು ಕಂಡೇ ಅವನು ಒಪ್ಪಿದ್ದು. ಅದನ್ನು ಅವನೇ ಎಷ್ಟೋ ಸಲ ಹೇಳಿ ಅವಳನ್ನು ನಗಿಸಿದ್ದ. ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅವಳು ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಳು. ಮಗಳು ಕೃತಿಕಾ ಆರನೇ ತರಗತಿಯಲ್ಲಿದ್ದಳು. ರಜೆಯ ದಿನ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹೆಂಡತಿಯ ನೆತ್ತಿಗೆ ತಟ್ಟುವುದು ಗಂಗರಾಜುವಿಗೆ ಇಷ್ಟದ ಕೆಲಸ. ಚಿಕ್ಕಗೌರಮ್ಮ ಅದನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಿಳಿಗೆರೆಯಿಂದ ಆಚೆಯ ಒಂದು ಹಳ್ಳಿಯಿಂದ ಫೋನು ಬಂತು. ಗಂಗಾಧರಯ್ಯ ಎಂಬ ದೊಡ್ಡ ತೋಟದ ಯಜಮಾನನ ಮನೆ ಪಕ್ಕದ ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿದ್ದಿತ್ತು. ಕಾಯಿ ಕೆಡವಿ ಅಟ್ಟದ ಮೇಲೆ ಸುರಿದು, ಒಳಗಿನ ನೀರು ಇಂಗಿ ತಿರುಳು ಗಿಟುಕು ಕೊಬ್ಬರಿಯಾಗುವ ತನಕ ವರ್ಷವೊಪ್ಪತ್ತು ಒಣಗಲು ಬಿಡುವುದು ಇಲ್ಲಿನ ಪದ್ಧತಿ. ಒಂದು ಇಡೀ ವರ್ಷದ ಕಾಯಿ ಮೇಲಿತ್ತು. ಬಂಡಿ ಹೋಗಿ ನಿಂತಾಗ ಹೆಂಚಿನ ಸಂದುಗಳಲ್ಲಿ ಹಳದಿ ಹೊಗೆ ನುಗ್ಗುತ್ತಿತ್ತು. ಕಾಯಿಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಊರಿಗೆ ಊರೇ ಅಂಗಳದಲ್ಲಿ ನಿಂತಿತ್ತು.

ಪೈಪು ಎಳೆದುಕೊಂಡು ಗೋಡೆಯ ಹತ್ತಿರ ಹೋದ ಗಂಗರಾಜುವಿಗೆ ಆ ಸಿಡಿತದ ನಡುವೆ ಒಂದು ಹೆಂಗಸಿನ ದನಿ ಕೇಳಿಸಿತು. ಏಣಿ, ಏಣಿ ಎಂದು ಕೂಗುತ್ತಿತ್ತು. ಅವನು ತಿರುಗಿ, ಆ ದಿನ ತಂಡದ ಮುಂದಾಳಾಗಿದ್ದ ಲಕ್ಷ್ಮಯ್ಯನನ್ನು ಕೂಗಿದ.

"ಅಣ್ಣ, ಮ್ಯಾಲೆ ಯಾರೋ ಅವ್ರೆ. ಏಣಿ ಕೇಳ್ತಾವ್ರೆ."

ಲಕ್ಷ್ಮಯ್ಯ ಗಂಗಾಧರಯ್ಯನ ಮುಖ ನೋಡಿದ. ಗಂಗಾಧರಯ್ಯ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. "ಯಾರೂ ಇಲ್ಲ ಕಣ್ರಪ್ಪ ಅಲ್ಲಿ. ಕಾಯಿ ಸಿಡೀತಾವೆ ಅಷ್ಟೆ. ಅಟ್ಟ ಹೋದ್ರೆ ಹೋಯ್ತು, ಮೊದ್ಲು ಮನೆ ಕಡೆ ನೀರು ಬುಡಿ" ಎಂದ. ಸುತ್ತ ನಿಂತವರು ಯಾರೂ ಮಾತಾಡಲಿಲ್ಲ.

ಗಂಗರಾಜು ಬಂಡಿಯ ಏಣಿ ಬಿಚ್ಚಲು ಓಡಿದ. ಲಕ್ಷ್ಮಯ್ಯ ಅವನ ಕಾಲರು ಹಿಡಿದು ಎಳೆದ. ಜಂತೆಗಳು ಕೆಂಪಾಗಿವೆ, ಈಗಲೋ ಆಗಲೋ ಬೀಳುತ್ತವೆ, ಯಜಮಾನನೇ ಯಾರೂ ಇಲ್ಲ ಎನ್ನುವಾಗ ನನ್ನ ಆಳನ್ನು ಕಳಿಸುವುದಿಲ್ಲ ಎಂದ. ಗಂಗರಾಜು ನೀರನ್ನು ಮನೆಯ ಕಡೆಗೆ ತಿರುಗಿಸಿದ. ಕೂಗು ಮತ್ತೆ ಕೇಳಿಸಿತು. ಆಮೇಲೆ ಸೂರು ಒಳಕ್ಕೆ ಕುಸಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮಟ್ಟೆಯ ರಾಶಿಯನ್ನು ಕೊಕ್ಕೆಯಿಂದ ಎಳೆಯುತ್ತಿದ್ದವನು ಗಂಗರಾಜುವೇ. ಕೊಕ್ಕೆಗೆ ಮೊದಲು ಸಿಕ್ಕಿದ್ದು ಒಂದು ಕಾಲು. ಕಾಲ್ಬೆರಳಿನ ಉಂಗುರ ಇನ್ನೂ ಇತ್ತು. ಹುಚ್ಚಕ್ಕ ಎಂಬ ಕೂಲಿ ಹೆಂಗಸು, ಅಟ್ಟದ ಮೇಲೆ ಕೊಳೆತ ಕಾಯಿ ಆರಿಸಲು ಬರುತ್ತಿದ್ದವಳು. ಕೊಬ್ಬರಿಯೆಲ್ಲ ಕಾದು ಎಣ್ಣೆ ಬಿಟ್ಟಿತ್ತು. ಅವಳು ಆ ಎಣ್ಣೆಯಲ್ಲಿ ಬಿದ್ದಿದ್ದಳು. ಅಂಗಳದ ತುಂಬ ಹಬ್ಬದ ಮನೆಯಲ್ಲಿ ಬಾಣಲೆ ಇಟ್ಟ ಹಾಗೆ ವಾಸನೆ. ಗುಂಪಿನಲ್ಲಿದ್ದ ಒಂದು ಮಗು ತನ್ನ ತಾಯಿಯ ಸೆರಗು ಜಗ್ಗಿ, ಹಸಿವಾಗುತ್ತಿದೆ ಎಂದು ಅಳುತ್ತಿತ್ತು.

ಅಟ್ಟದ ಬಿದಿರೇಣಿ ಹೊರಗೆ ಕಣದ ಗೋಡೆಗೆ ಒರಗಿಸಿದಂತೆಯೇ ಇತ್ತು. ಒಂದು ಕಡೆಯೂ ಸುಟ್ಟಿರಲಿಲ್ಲ. ಇದು ಇಲ್ಲಿ ಹೇಗೆ ಬಂತೆಂದು ಗಂಗರಾಜು ಕೇಳಿದ. ಬೆಂಕಿ ತಗುಲಬಾರದೆಂದು ನಾವೇ ತೆಗೆದಿಟ್ಟೆವು ಎಂದು ಯಾರೋ ಹೇಳಿದರು.

ಪೊಲೀಸರು ಬಂದು ವಿಚಾರಿಸಿದಾಗ ಅವನು ತನಗೆ ಕೇಳಿದ ಕೂಗಿನ ವಿಷಯ ಹೇಳಿದ. ಬೇರೆ ಯಾರಿಗಾದರೂ ಕೇಳಿಸಿತೇ ಎಂದು ಅವರು ಊರವರನ್ನು ಕೇಳಿದರು. ಯಾರಿಗೂ ಕೇಳಿಸಿರಲಿಲ್ಲ. ಹುಚ್ಚಕ್ಕನ ತಂಗಿ ಭೂತಮ್ಮ ಸೆರಗು ಬಾಯಿಗಿಟ್ಟುಕೊಂಡು ತಲೆಯಾಡಿಸಿದಳು, ಇಲ್ಲವೆಂದು. ಬೆಂಕಿಗೆ ಮುಂಚೆ ಹೊಗೆಯೇ ಅವಳ ಉಸಿರು ಕಟ್ಟಿಸಿರುತ್ತದೆ, ಕೂಗುವ ಮಾತೇ ಇಲ್ಲ ಎಂದು ತೀರ್ಮಾನವಾಯಿತು. ಕೆಲಸದವಳು ಹೇಳದೆ ಕೇಳದೆ ಮೇಲೆ ಹತ್ತಿದ್ದಳೆಂದು ಗಂಗಾಧರಯ್ಯ ಹೇಳಿದ. ಠಾಣೆಗೆ ಮರಳುವಾಗ ಲಕ್ಷ್ಮಯ್ಯ ಬಂಡಿಯಲ್ಲಿ ಗಂಗರಾಜುವಿನ ತೊಡೆ ತಟ್ಟಿದ.

"ನಿನ್ನ ಪಕ್ಕದಲ್ಲೇ ಇದ್ದೆ ಕಣ್ಲಾ ನಾನು. ಯಾವ ಕೂಗೂ ಇಲ್ಲ. ಹೊಗೆ ತಲೆಗೇರಿತ್ತು ನಿಂಗೆ. ಒಂದು ಕ್ವಾರ್ಟರ್ ಹಾಕ್ಕಂಡು ಮನೀಕೋ, ನಂದೂ ಇಷ್ಟು ವರ್ಷದ್ದು ಅದೇ ಔಷಧಿ."

ಆ ದಿನದಿಂದ ಗಂಗರಾಜುವಿಗೆ ಚಟ್ನಿ ಸೇರದಾಯಿತು. ಮೊದಲ ತುತ್ತಿಗೇ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಓಡಿ ಕಾರಿಕೊಂಡ. ಭವ್ಯಶ್ರೀ ಸಾರಿಗೆ ಕಾಯಿ ಹಾಕುವುದನ್ನು ಬಿಟ್ಟಳು, ಪಲ್ಯಕ್ಕೆ ಬಿಟ್ಟಳು, ದೇವರಿಗೆ ಕಾಯಿ ಒಡೆಯುವುದನ್ನೂ ಬಿಟ್ಟಳು. ಆದರೆ ಬಾಗಿಲು ದಾಟಿದರೆ ಎಲ್ಲೆಲ್ಲೂ ಅದೇ. ಅಂಗಡಿಯ ಮುಂದೆ ಕೊಬ್ಬರಿ ಮೂಟೆ, ಲಾರಿಯ ತುಂಬ ಕೊಬ್ಬರಿ, ಬಸ್ಸಿನಲ್ಲಿ ಪಕ್ಕ ಕೂತವರ ತಲೆಯಲ್ಲಿ ಕೊಬ್ಬರಿ ಎಣ್ಣೆ. ಅವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡತೊಡಗಿದ. ಠಾಣೆಯ ಗಂಟೆ ಬಾರಿಸಿದರೆ ಎದೆ ಡವಗುಟ್ಟಿ ಅಂಗೈ ಬೆವರುತ್ತಿತ್ತು. ನಿದ್ದೆ ಹತ್ತುತ್ತಲೇ ಏಣಿ ಎಂಬ ಕೂಗು ಕೇಳಿ ಎದ್ದು ಕೂರುತ್ತಿದ್ದ. ಕೂಗು ನಿಜವಾಗಿದ್ದಿದ್ದರೆ ತಾನು ಆಗ ನೀರು ಬೇರೆ ಕಡೆ ತಿರುಗಿಸಿದವನು. ಸುಳ್ಳಾಗಿದ್ದರೆ ತಲೆ ಕೆಟ್ಟವನು. ಎರಡರಲ್ಲಿ ಯಾವುದು ಎಂದು ಗೊತ್ತಾಗದೆ ಅವನು ಲಕ್ಷ್ಮಯ್ಯನ ಔಷಧಿ ಶುರುಮಾಡಿದ. ಕುಡಿದರೆ ಕೂಗು ಇನ್ನೂ ಹತ್ತಿರದಿಂದ ಕೇಳುತ್ತಿತ್ತು.

ಠಾಣೆಯಲ್ಲಿ ಹುಡುಗರು ಅವನು ಬಂದಾಗಲೆಲ್ಲ ಒಬ್ಬರಿಗೊಬ್ಬರು, ಯಾರೋ ಕೂಗಿದಂಗಾಯ್ತಲ್ಲ ಎಂದು ಕಿವಿಯ ಹಿಂದೆ ಕೈಯಿಟ್ಟುಕೊಂಡು ನಗುತ್ತಿದ್ದರು.

ಹೆಂಡತಿಯ ಹತ್ತಿರ ಮಲಗುವುದನ್ನು ಬಿಟ್ಟ. ಅವಳು ಒಮ್ಮೆ ಬೆನ್ನ ಮೇಲೆ ಕೈಯಿಟ್ಟಾಗ ಸುಟ್ಟವನ ಹಾಗೆ ಸರಿದು, ನಿನ್ನ ಮೈಯೆಲ್ಲ ಅದೇ ವಾಸನೆ ಎಂದ. ಅವಳು ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಸೀಗೆಪುಡಿ ಹಾಕಿ ಎರಡು ದಿನಕ್ಕೊಮ್ಮೆ ತೊಳೆದಳು. ಹೊದಿಕೆ, ದಿಂಬಿನ ಗವುಸು, ತನ್ನ ಸೀರೆಗಳು, ಎಲ್ಲವನ್ನೂ ಕುದಿನೀರಿಗೆ ಹಾಕಿದಳು. ಒಣಗಿ ಒಣಗಿ ಕೂದಲು ನಾರಿನ ಹಾಗಾಯಿತು. ಆದರೂ ಅವನು ಬಾಗಿಲಲ್ಲಿ ನಿಂತು ಮೂಸುತ್ತಿದ್ದ. ಒಂದು ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಂಗಳಕ್ಕೆ ಎಸೆದು ಎಣ್ಣೆ ಎಲ್ಲಿಟ್ಟಿದ್ದೀಯ ಎಂದು ಕೇಳಿ ಅವಳ ಕೈ ತಿರುಚಿದ. ಚಿಕ್ಕಗೌರಮ್ಮ ಸೊಸೆಗೇ ಬೈದಳು. ಗಂಡ ಬೇಡವೆಂದದ್ದನ್ನು ಯಾಕೆ ಮನೆಯಲ್ಲಿಟ್ಟುಕೊಳ್ಳಬೇಕು ಎಂದಳು. ಮನೆಯಲ್ಲಿ ಎಣ್ಣೆಯೇ ಇರಲಿಲ್ಲ.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಭವ್ಯಶ್ರೀ ತಲೆ ತೊಳೆದುಕೊಂಡು ಹಿತ್ತಲಿನ ಬಿಸಿಲಲ್ಲಿ ಕೂದಲು ಹರಡಿಕೊಂಡು ಕೂತಿದ್ದಳು. ಗಂಗರಾಜು ಬಂದು ಹಿಂದೆ ನಿಂತ. ಏನು ಹಚ್ಚಿದ್ದೀಯ ಎಂದು ಕೇಳಿದ. ಏನೂ ಇಲ್ಲ ಎಂದಳು. ಮತ್ತೆ ಕೇಳಿದ. ಅವಳಿಗೂ ಸಾಕಾಗಿತ್ತು.

"ಯಾವ ವಾಸ್ನೇನೂ ಇಲ್ಲ ಕಣ್ರೀ. ಎಲ್ಲಾ ನಿಮ್ಮ ತಲೇಲೈತೆ. ವಾಸ್ನೇನೂ ಇಲ್ಲ, ಆ ಕೂಗೂ ಇಲ್ಲ."

ಅವನು ಮೆತ್ತಗಿನ ದನಿಯಲ್ಲಿ ಮಗಳನ್ನು ಕರೆದು, ಅಮ್ಮನ ಹೊಲಿಗೆ ಕತ್ತರಿ ತಗಂಬಾ ಎಂದ. ಕೃತಿಕಾ ತಂದುಕೊಟ್ಟಳು. ಅವನು ಭವ್ಯಶ್ರೀಯ ಬೆನ್ನಿನ ಮೇಲೆ ಮೊಣಕಾಲಿಟ್ಟು ಅವಳನ್ನು ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿ ಹಿಡಿದ. ಕೂದಲನ್ನು ಬುಡದಲ್ಲಿ ಹಿಡಿಹಿಡಿಯಾಗಿ ಕತ್ತರಿಸಿದ. ಕತ್ತರಿಯ ತುದಿ ಕಿವಿಗೆ, ನೆತ್ತಿಗೆ ತಾಗಿ ರಕ್ತ ಬಂತು. ಅವಳು ಕೂಗಿದಳು. ಚಿಕ್ಕಗೌರಮ್ಮ ಹೊರಗೆ ಬಂದು ನೋಡಿದಳು. ಓಡಿಹೋಗಿ ಹಿತ್ತಲಿನ ಗೇಟು ಹಾಕಿ ಚಿಲಕ ಸಿಕ್ಕಿಸಿದಳು, ಯಾರಿಗೂ ಕಾಣದಿರಲೆಂದು. ಆಮೇಲೆ ಮೊಮ್ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು.

ಮಾರನೆಯ ದಿನ ಮೊದಲ ಬಸ್ಸಿಗೆ ಅತ್ತೆ ಸೊಸೆಯ ತಲೆಗೆ ಸೆರಗು ಹೊದೆಸಿ ಮನೆದೇವರ ಗುಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕ್ಷೌರದವನ ಮುಂದೆ ಕೂರಿಸಿ ಉಳಿದದ್ದನ್ನೂ ನುಣ್ಣಗೆ ಬೋಳಿಸಿದಳು. ಕತ್ತರಿಯ ಗಾಯ ನೋಡಿ ಅವನು ಪ್ರಶ್ನೆ ಕೇಳಿದಾಗ, ಮನೆಯಲ್ಲೇ ಮೊದಲ ಮುಡಿ ತೆಗೆಯುವ ಸಂಪ್ರದಾಯ ನಮ್ಮದು ಎಂದಳು. ಪ್ರಸಾದದ ಪೊಟ್ಟಣಗಳನ್ನು ತಂದು ಕ್ವಾರ್ಟರ್ಸಿನ ಮನೆಮನೆಗೆ ಕೊಟ್ಟಳು. ಮಗನ ಆರೋಗ್ಯಕ್ಕೆ ಸೊಸೆ ಹರಕೆ ಹೊತ್ತಿದ್ದಳು, ಅಂಥ ಕೂದಲನ್ನು ಮನಸ್ಸು ಮಾಡಿ ಕೊಟ್ಟಳು ಎಂದು ಹೇಳಿ ಕಣ್ಣೊರೆಸಿಕೊಂಡಳು. ಹೆಂಗಸರು ಬಂದು ಭವ್ಯಶ್ರೀಗೆ ಅರಿಶಿನ ಕುಂಕುಮ ಕೊಟ್ಟರು. ಈ ಕಾಲದಲ್ಲಿ ಇಂಥ ಹೆಂಡತಿ ಸಿಗುವುದು ಅಪರೂಪ ಎಂದರು. ಅವಳು ಎಲ್ಲರಿಗೂ ಕಾಫಿ ಮಾಡಿಕೊಟ್ಟಳು.

ದಬ್ಬೇಘಟ್ಟದಿಂದ ಅವಳ ಅಣ್ಣ ರಂಗನಾಥ್ ಬಂದ. ಅವನಿಗೆ ಅವಳು ನಡೆದದ್ದನ್ನು ಹೇಳಿದಳು. ಅವನು, ಕೂದಲು ಬೆಳೆಯುತ್ತದೆ, ಸರ್ಕಾರಿ ಕೆಲಸದಲ್ಲಿರುವ ಗಂಡನನ್ನು ಬಿಟ್ಟು ಬಂದರೆ ಮಗಳ ಗತಿಯೇನು ಎಂದು ಕೇಳಿದ. ಊಟ ಮಾಡಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದ.

ಗಂಗರಾಜು ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಬೋಳುತಲೆಯ ಕಡೆ ನೋಡುತ್ತಲೂ ಇರಲಿಲ್ಲ. ಕೃತಿಕಾ ಅಪ್ಪ ಇರುವ ಕೋಣೆಗೆ ಬರುವುದನ್ನು ಬಿಟ್ಟಳು.

ದಸರೆಯ ಮುಂಚೆ ಒಂದು ನಾರಿನ ಕಾರ್ಖಾನೆಗೆ ಹೋಗಿದ್ದಾಗ, ಪೂರ್ತಿ ಒತ್ತಡದಲ್ಲಿ ನೀರು ಚಿಮ್ಮುತ್ತಿದ್ದ ಪೈಪನ್ನು ಗಂಗರಾಜು ಇದ್ದಕ್ಕಿದ್ದಂತೆ ಕೈಬಿಟ್ಟು ಕಿವಿ ಮುಚ್ಚಿಕೊಂಡು ಕೂತ. ಪೈಪು ಹಾವಿನಂತೆ ಹೊರಳಿ, ಅದರ ಹಿತ್ತಾಳೆಯ ಮೂತಿ ಲಕ್ಷ್ಮಯ್ಯನ ದವಡೆಗೆ ಬಡಿಯಿತು. ಹಲ್ಲು ಮುರಿದು, ದವಡೆಗೆ ತಂತಿ ಕಟ್ಟಬೇಕಾಯಿತು. ಠಾಣಾಧಿಕಾರಿ ಗಂಗರಾಜುವನ್ನು ಆಸ್ಪತ್ರೆಗೆ ಕಳಿಸಿದರು. ರಕ್ತದೊತ್ತಡ ನೋಡಿದ ನರ್ಸು ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ನೋಡಿದಳು. ಮಂಗಳವಾರ ಮನೋರೋಗದ ಡಾಕ್ಟರು ಬರುತ್ತಾರೆ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದಳು.

ಡಾಕ್ಟರ್ ರುಕ್ಸಾನ ಚಿಕ್ಕ ವಯಸ್ಸಿನವರು. ಗಂಗರಾಜು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ವಾಸನೆ, ನಿದ್ದೆ, ಎದೆಬಡಿತ, ಕೂಗು. ಆಮೇಲೆ ಭವ್ಯಶ್ರೀಯ ತಲೆಯ ಮೋಟು ಕೂದಲನ್ನು ನೋಡಿ, ಮುಡಿ ಕೊಟ್ಟಿದ್ದಿರಾ ಎಂದು ಕೇಳಿದರು.

"ಇಲ್ಲ ಮೇಡಂ. ಇವ್ರು ಕತ್ತರಿಸಿದ್ರು."

ಅಣ್ಣನನ್ನು ಬಿಟ್ಟರೆ ಅವಳು ಅದನ್ನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಡಾಕ್ಟರು ಗಂಗರಾಜುವಿನ ಕಡೆ ತಿರುಗಿದರು. "ನಿದ್ದೆ ಬರದೇ ಇರೋದು ಕಾಯಿಲೆ. ಎದೆ ಹೊಡ್ಕೊಳ್ಳೋದು, ವಾಸನೆ ಬರೋದು, ಅವೂ ಕಾಯಿಲೆ. ಅದಕ್ಕೆ ಔಷಧಿ ಕೊಡ್ತೀನಿ, ವಾಸಿಯಾಗುತ್ತೆ. ಆದರೆ ಕತ್ತರಿ ಹಿಡಿದದ್ದು ಕಾಯಿಲೆಯಲ್ಲ, ನೀವು" ಎಂದರು. ಅವನನ್ನು ಹೊರಗೆ ಕಳಿಸಿ ಭವ್ಯಶ್ರೀಗೆ ಎಲ್ಲಿ ದೂರು ಕೊಡಬಹುದು, ಎಲ್ಲಿ ಹೋಗಿ ಇರಬಹುದು ಎಂಬುದನ್ನೆಲ್ಲ ಹೇಳಿದರು. ಅವಳು ಕೇಳಿಸಿಕೊಂಡಳು. ಇವರಿಗೆ ವಾಸಿಯಾಗಲು ಎಷ್ಟು ಕಾಲ ಬೇಕು ಎಂದು ಮಾತ್ರ ಕೇಳಿದಳು.

ಔಷಧಿ ನುಂಗಿಸಿದವಳು ಅವಳೇ. ಕುಡಿತ ಬಿಡಿಸಿದವಳೂ ಅವಳೇ, ಸಂಬಳ ಬಂದ ದಿನ ಠಾಣೆಯ ಬಾಗಿಲಲ್ಲಿ ನಿಂತು. ಬೆಳಿಗ್ಗೆ ಅವನ ಜೊತೆ ಕೆರೆ ಏರಿಯ ಮೇಲೆ ನಡೆದಳು. ಎದೆ ಬಡಿಯತೊಡಗಿದರೆ ಉಸಿರು ಎಳೆದುಕೊಂಡು ನಿಧಾನವಾಗಿ ಬಿಡುವುದನ್ನು ಡಾಕ್ಟರು ಕಲಿಸಿದ್ದರು. ಅವನ ಎದುರು ಕೂತು ತಾನೂ ಹಾಗೇ ಉಸಿರಾಡಿ ತೋರಿಸಿದಳು. ಮಂಗಳವಾರ ಮಂಗಳವಾರ ಅವನು ಡಾಕ್ಟರ ಮುಂದೆ ಆ ಮಧ್ಯಾಹ್ನವನ್ನು ಮೊದಲಿಂದ ಕೊನೆಯವರೆಗೆ ಹೇಳಬೇಕಿತ್ತು. ಮೊದಮೊದಲು ಕೊಕ್ಕೆಯ ಮಾತು ಬಂದ ಕೂಡಲೇ ಎದ್ದು ಹೋಗುತ್ತಿದ್ದ. ಆಮೇಲಾಮೇಲೆ ಕೊನೆಯ ತನಕ ಹೇಳುವಷ್ಟಾದ. ಭವ್ಯಶ್ರೀ ಪಕ್ಕದಲ್ಲಿ ಕೂತು ಪ್ರತಿಸಲ ಕೇಳಿದಳು. ಮನೆಯಲ್ಲಿ ಒಂದು ಕೊಬ್ಬರಿ ಹೋಳನ್ನು ಹಿತ್ತಲಿನ ಆ ತುದಿಯಲ್ಲಿಟ್ಟು ಅವನನ್ನು ಈ ತುದಿಯಲ್ಲಿ ಕೂರಿಸಿದಳು. ದಿನಕ್ಕಿಷ್ಟು ಹತ್ತಿರ ತಂದಳು. ಈ ಎಲ್ಲ ಕೆಲಸವನ್ನೂ ಅವಳು ಪಾತ್ರೆ ತೊಳೆಯುವಂತೆ, ಬಟ್ಟೆ ಒಗೆಯುವಂತೆ, ಮುಖದಲ್ಲಿ ಏನನ್ನೂ ತೋರಿಸದೆ ಮಾಡಿದಳು. ಅವನು ಒಮ್ಮೆ ಅವಳ ಕೈ ಹಿಡಿಯಲು ಹೋದಾಗ, ಮಾತ್ರೆ ತಗೊಂಡ್ರಾ ಎಂದು ಕೇಳಿ ಕೈ ಬಿಡಿಸಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು, ಆ ಜಾಗವನ್ನು ಹಗಲು ಹೊತ್ತಿನಲ್ಲಿ ಒಮ್ಮೆ ನೋಡಿಬನ್ನಿ, ಒಬ್ಬರೇ ಹೋಗಬೇಡಿ ಎಂದರು. ಗಂಡಹೆಂಡಿರು ಬೈಕಿನಲ್ಲಿ ಹೋದರು.

ಗಂಗಾಧರಯ್ಯನ ಅಟ್ಟ ಮತ್ತೆ ಎದ್ದಿತ್ತು. ಹೆಂಚಿನ ಬದಲು ತಗಡು ಹೊದೆಸಿದ್ದರು. ಯಜಮಾನ ಪೇಟೆಗೆ ಹೋಗಿದ್ದ, ಅಂಗಳದಲ್ಲಿ ಯಾರೂ ಇರಲಿಲ್ಲ. ಮೇಲಿಂದ ಕಾಯಿ ಉರುಳುವ ಶಬ್ದ ಬರುತ್ತಿತ್ತು. ಭವ್ಯಶ್ರೀ ಕೂಗಿದಾಗ ಅಟ್ಟದ ಕಿಂಡಿಯಲ್ಲಿ ಒಂದು ಮುಖ ಕಾಣಿಸಿತು. ಹುಚ್ಚಕ್ಕನ ತಂಗಿ ಭೂತಮ್ಮ. ಅಕ್ಕನ ಕೆಲಸಕ್ಕೆ ಈಗ ಅವಳು ಬರುತ್ತಿದ್ದಳು. ಗಂಗರಾಜುವಿನ ಗುರುತು ಸಿಕ್ಕಿ ಅವಳು ಸ್ವಲ್ಪ ಹಿಂದೆ ಸರಿದಳು.

ಕೆಳಗೆ ಬರುತ್ತೀಯೇನವ್ವ, ಒಂದು ಮಾತು ಕೇಳಬೇಕಿತ್ತು ಎಂದಳು ಭವ್ಯಶ್ರೀ. ಈಗ ಆಗುವುದಿಲ್ಲ, ಅಯ್ಯನವರು ಬಂದು ಏಣಿ ಹಾಕಿದ ಮೇಲೆಯೇ ಇಳಿಯುವುದು ಎಂದಳು ಭೂತಮ್ಮ. ಏಣಿ ಕಣದ ಗೋಡೆಗೆ ಒರಗಿತ್ತು. ಮೇಲೆ ಹತ್ತಿದ ಕೂಲಿಯವರು ಸೆರಗಿನಲ್ಲಿ ಕೊಬ್ಬರಿ ಕಟ್ಟಿಕೊಂಡು ಇಳಿದುಬಿಡುತ್ತಾರೆಂದು ಏಣಿ ತೆಗೆಯುವುದು ಈ ಮನೆಯಲ್ಲಿ ಮೊದಲಿನಿಂದಲೂ ಇತ್ತು.

ಗಂಗರಾಜು ತಲೆಯೆತ್ತಿ ಕೇಳಿದ. ಅವತ್ತು ನಿಮ್ಮಕ್ಕ ಕೂಗಿದ್ದು ನನಗೆ ಕೇಳಿಸಿತ್ತು, ಎಲ್ಲರೂ ಇಲ್ಲ ಎನ್ನುತ್ತಾರೆ, ನೀನಾದರೂ ನಿಜ ಹೇಳು ಎಂದ. ಭೂತಮ್ಮ ಕೈಯಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟಳು.

"ಕೇಳ್ದೆ ಏನು ಸ್ವಾಮಿ, ಊರಿಗೇ ಕೇಳ್ತು. ನೀವು ಬರೋಕೂ ಮುಂಚಿಂದ್ಲೂ ಕೂಗ್ತಿದ್ಲು. ಏಣಿ ಹಾಕಿದ್ರೆ, ಏಣಿ ತೆಗೀತಿದ್ದಿದ್ದು ಗೊತ್ತಾಯ್ತದೆ ಅಂತ ಅಯ್ಯೋರು ಸುಮ್ನೆ ನಿಂತ್ರು. ಅವ್ರು ನಿಂತ್ರು ಅಂತ ಎಲ್ಲಾರೂ ನಿಂತ್ರು. ನಿಮ್ಮ ಕಾಲರು ಹಿಡ್ದು ಎಳೆದ ಆ ದಪ್ಪನೆಯೋರೂ ಕೇಳಿಸ್ಕಂಡ್ರು. ಕತ್ತೆತ್ತಿ ನೋಡಿದ್ರಲ್ಲ."

ಪೊಲೀಸರ ಮುಂದೆ ಯಾಕೆ ಹೇಳಲಿಲ್ಲ ಎಂದು ಭವ್ಯಶ್ರೀ ಕೇಳಿದಳು.

"ನಾವಿರೋ ಮನೆ ಅವ್ರದ್ದು ಕಣವ್ವ. ನೀರು ಅವ್ರ ಬೋರಿಂದು. ಸತ್ತೋಳು ಎದ್ದು ಬತ್ತಾಳಾ?"

ಗಂಗರಾಜು ಗೋಡೆಯ ಹತ್ತಿರ ಹೋಗಿ ಏಣಿಯನ್ನು ಎತ್ತಿ ತಂದು ಅಟ್ಟದ ಕಿಂಡಿಗೆ ಒರಗಿಸಿದ. ಭೂತಮ್ಮನ ಮುಖ ಬಿಳಿಚಿಕೊಂಡಿತು. ಕೈ ಮುಗಿದು, ತೆಗೆದುಬಿಡಿ ಎಂದು ಬೇಡಿಕೊಂಡಳು. ಅಯ್ಯನವರು ನೋಡಿದರೆ ತನ್ನ ಕೆಲಸ ಹೋಗುತ್ತದೆ, ಅದು ಹೇಗಿತ್ತೋ ಹಾಗೇ ಇಡಿ, ಹೊರಟುಹೋಗಿ ಎಂದಳು. ಗಂಗರಾಜು ಹೆಂಡತಿಯ ಮುಖ ನೋಡಿದ. ಅವನು ಏಣಿಯನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟ.

ವಾಪಸು ಬರುವಾಗ ದಾರಿಯಲ್ಲಿ ಒಂದು ಹೋಟೆಲು ಕಂಡಿತು. ಹಸಿವಾಗಿದೆ ಎಂದು ಗಂಗರಾಜು ಬೈಕು ನಿಲ್ಲಿಸಿದ. ಇಡ್ಲಿ ತರಿಸಿಕೊಂಡ, ಚಟ್ನಿ ಹಾಕಿಸಿಕೊಂಡ, ಇನ್ನೊಮ್ಮೆ ಹಾಕಿಸಿಕೊಂಡ. ಬೆರಳು ನೆಕ್ಕಿಕೊಂಡು ತಿಂದ. ಎಷ್ಟೋ ತಿಂಗಳ ಮೇಲೆ ಅವನ ಮುಖದ ಗಂಟು ಸಡಿಲವಾಗಿತ್ತು. ನನಗೇನೂ ತಲೆ ಕೆಟ್ಟಿರಲಿಲ್ಲ, ನನ್ನ ಕಿವಿ ಸರಿಯಾಗಿಯೇ ಇತ್ತು ಎಂದು ಎರಡು ಮೂರು ಸಲ ಹೇಳಿದ. ಭವ್ಯಶ್ರೀ ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಅವಳ ಮುಂದಿನ ಕಾಫಿ ಆರುತ್ತಿತ್ತು.

"ಇದನ್ನ ಪೊಲೀಸ್ರಿಗೆ ಹೇಳ್ತೀರಾ?" ಎಂದು ಕೇಳಿದಳು.

ಅವನು ನೀರು ಕುಡಿದು ಲೋಟ ಕೆಳಗಿಟ್ಟ. "ಈಗ ತಾನೇ ಒಂಚೂರು ನೆಮ್ಮದಿಯಾಗೈತೆ ಕಣೇ. ಮತ್ತೆ ಯಾಕೆ ಕೆದಕೋದು? ಆಯಮ್ಮನೇ ನಾಳೆ ಇಲ್ಲ ಅಂದ್ಬುಟ್ರೆ?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಅವನ ಕಾಯಿಲೆ ಬೇಗ ಬೇಗ ಇಳಿಯಿತು. ನಿದ್ದೆ ಬಂತು. ರಕ್ತದೊತ್ತಡ ಒಂದೇ ಮಾತ್ರೆಯಲ್ಲಿ ಹತೋಟಿಗೆ ಬಂತು. ಲಕ್ಷ್ಮಯ್ಯ ಬಾಗಿದ ದವಡೆಯಲ್ಲಿ ಮತ್ತೆ ಕೆಲಸಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಟೀ ಕುಡಿದರು. ಕೂಗಿನ ವಿಷಯ ಇಬ್ಬರೂ ಆಡಲಿಲ್ಲ. ಯುಗಾದಿಗೆ ಅವನೇ ಕಾಯಿ ಒಡೆದ. ಚಿಕ್ಕಗೌರಮ್ಮ, ಮುಡಿ ಕೊಟ್ಟದ್ದು ಫಲಿಸಿತು ಎಂದು ದೇವರಿಗೆ ಕೈಮುಗಿದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಅನುಮಾನವೇ ಇರಲಿಲ್ಲ. ಆ ಸುಳ್ಳನ್ನು ಅವಳೇ ನಂಬಿಬಿಟ್ಟಿದ್ದಳು.

ಕೃತಿಕಾಳ ಪರೀಕ್ಷೆ ಮುಗಿದ ವಾರ ಭವ್ಯಶ್ರೀ ತನ್ನ ಮತ್ತು ಮಗಳ ಬಟ್ಟೆಗಳನ್ನು ಎರಡು ಬ್ಯಾಗಿಗೆ ತುಂಬಿದಳು. ತುರುವೇಕೆರೆಯಲ್ಲಿ ಹಸೀನಾ ಬೇಗಂ ಎಂಬಾಕೆಯ ಟೈಲರ್ ಅಂಗಡಿಯಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದಳು. ಅಂಗಡಿಯ ಹಿಂದೆಯೇ ಒಂದು ಕೋಣೆ. ಹೊಲಿಗೆ ಯಂತ್ರವನ್ನು ಲಗೇಜು ಆಟೋದವನು ಹೊತ್ತು ಹೊರಗಿಡುತ್ತಿದ್ದಾಗ ಗಂಗರಾಜು ಡ್ಯೂಟಿ ಮುಗಿಸಿಕೊಂಡು ಬಂದ. ಏನಿದು ಎಂದು ಕೇಳಿದ. ಅವ್ವ ಏನಾದರೂ ಅಂದಳೇ ಎಂದು ಕೇಳಿದ. ಇಲ್ಲವೆಂದಳು.

"ನಾನೀಗ ಚೆನ್ನಾಗಿದೀನಲ್ಲ ಕಣೇ."

"ಅದುಕ್ಕೇ ಹೋಯ್ತಿರೋದು. ಕಾಯ್ಲೆ ಬಿದ್ದಿರೋರ್ನ ಬಿಟ್ಟೋಗೋಕೆ ನಂಗೆ ಆಗ್ಲಿಲ್ಲ."

ಅವನು ಬಾಗಿಲಿಗೆ ಅಡ್ಡ ನಿಂತ. ಕಾಲು ಹಿಡಿಯುತ್ತೇನೆ ಎಂದ. ಅವತ್ತು ನಾನು ನಾನಾಗಿರಲಿಲ್ಲ ಎಂದ. ಭವ್ಯಶ್ರೀ ಅವನು ಮಾತು ಮುಗಿಸುವವರೆಗೆ ಕಾದಳು. ಭೂತಮ್ಮನ ಮಾತು ಕೇಳಿ ಬಂದು ಹೋಟೆಲಿನಲ್ಲಿ ಇಡ್ಲಿ ತಿಂದವರು, ಮತ್ತೆ ಯಾಕೆ ಕೆದಕುವುದು ಎಂದವರು ನೀವೇ ಅಲ್ಲವೇ ಎಂದು ಕೇಳಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಕ್ಕಕ್ಕೆ ಸರಿದ. ಕೃತಿಕಾ ಅವನ ತೋಳಿಗೂ ಬಾಗಿಲಿಗೂ ನಡುವೆ ನುಸುಳಿ ಮೊದಲು ಹೋಗಿ ಆಟೋದಲ್ಲಿ ಕೂತಳು.

ತುರುವೇಕೆರೆಯಲ್ಲಿ ಭವ್ಯಶ್ರೀಗೆ ಕೆಲಸ ಹಿಡಿಸಿತು. ಆದರೆ ಅವಳ ನಿದ್ದೆ ಕೆಟ್ಟಿತು. ಅಷ್ಟು ಮಂಗಳವಾರ ಪಕ್ಕದಲ್ಲಿ ಕೂತು ಕೇಳಿದ್ದ ಆ ಮಧ್ಯಾಹ್ನ ಅವನನ್ನು ಬಿಟ್ಟು ಈಗ ಅವಳಿಗೆ ಅಂಟಿಕೊಂಡಿತ್ತು. ಅವಳು ಕಂಡೇ ಇರದ ಹುಚ್ಚಕ್ಕನ ಮುಖ ಕನಸಿನಲ್ಲಿ ಬರುತ್ತಿತ್ತು, ಒಮ್ಮೊಮ್ಮೆ ಅದು ಭೂತಮ್ಮನದಾಗುತ್ತಿತ್ತು. ಪೊಲೀಸರಿಗೆ ಅವಳೇ ಹೋಗಿ ಹೇಳಿದಳು. ಕೂಗು ನಿಮಗೆ ಕೇಳಿಸಿತ್ತೇ ಎಂದು ಅವರು ಕೇಳಿದರು. ಇಲ್ಲವೆಂದಳು. ಹಾಗಾದರೆ ಕೇಳಿಸಿದವರನ್ನು ಕರೆದುಕೊಂಡು ಬನ್ನಿ ಎಂದರು. ಡಾಕ್ಟರನ್ನು ಕಾಣೋಣವೆಂದರೆ ಮಂಗಳವಾರ ಸಂತೆಗೆ ಬಂದವರೆಲ್ಲ ಅಂಗಡಿಗೆ ನುಗ್ಗುತ್ತಿದ್ದರು. ಅವಳು ಗಂಡನಿಗೆ ಕಲಿಸಿದಂತೆಯೇ ಉಸಿರು ಎಳೆದು ಬಿಟ್ಟು, ಎಳೆದು ಬಿಟ್ಟು, ಮತ್ತೆ ಯಂತ್ರ ತುಳಿಯುತ್ತಿದ್ದಳು. ಹಸೀನಾ ಬೇಗಂ ಏನನ್ನೂ ಕೇಳದೆ ಅವಳ ಪಾಲಿನ ಗುಂಡಿ ಕಾಜಾ ಕೆಲಸವನ್ನು ತಾನೇ ಮಾಡಿಟ್ಟಿರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಗಂಗರಾಜು ಕೇಳಿಕೊಂಡು ಅದೇ ಊರಿಗೆ ವರ್ಗ ಮಾಡಿಸಿಕೊಂಡ. ಹತ್ತಿರವಿದ್ದರೆ ಒಂದಲ್ಲ ಒಂದು ದಿನ ಮನಸ್ಸು ಕರಗೀತು ಎಂದುಕೊಂಡಿದ್ದ. ಒಂದು ಬೆಳಿಗ್ಗೆ ಅವನ ತಂಡ ಮಗಳ ಶಾಲೆಗೆ ಹೋಯಿತು, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಮಕ್ಕಳಿಗೆ ತೋರಿಸಲು. ಮೈದಾನದಲ್ಲಿ ಸೌದೆ ಉರಿಸಿ ಆರಿಸಿದರು. ನೀರು ಎತ್ತರಕ್ಕೆ ಚಿಮ್ಮಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಗಂಗರಾಜು ಗಟ್ಟಿದನಿಯಲ್ಲಿ, ನಗುನಗುತ್ತಾ ವಿವರಿಸಿದ. ಏಳನೇ ತರಗತಿಯ ಸಾಲಿನಲ್ಲಿ ಕೃತಿಕಾ ನಿಂತಿದ್ದಳು. ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿಕೊಂಡಿದ್ದಳು. ಅವನು ಅವಳ ಕಡೆಗೇ ನೋಡುತ್ತಾ ಮಾತಾಡಿದ.

ಕೊನೆಗೆ ಮೇಷ್ಟ್ರು, ಈ ಅಂಕಲ್‌ಗೆ ಏನಾದರೂ ಕೇಳುವುದಿದೆಯೇ ಎಂದು ಮಕ್ಕಳನ್ನು ಕೇಳಿದರು. ಒಬ್ಬಳು ಹುಡುಗಿ ಎದ್ದು, ನಿಮಗೆ ಭಯ ಆಗಲ್ವಾ ಎಂದಳು. ಮೊದಲು ಆಗುತ್ತಿತ್ತು, ಈಗ ಆಗುವುದಿಲ್ಲ ಎಂದ ಗಂಗರಾಜು. ಮೇಷ್ಟ್ರು ದಾಖಲಾತಿಯಲ್ಲಿದ್ದ ತಂದೆಯ ಹೆಸರನ್ನು ನೆನಪಿಸಿಕೊಂಡು, ನಮ್ಮ ಕೃತಿಕಾಳ ಅಪ್ಪ ಅಲ್ಲವೇ ನೀವು ಎಂದು ಹಿಗ್ಗಿನಿಂದ ಕೇಳಿದರು. ಮಕ್ಕಳೆಲ್ಲ ತಿರುಗಿ ಅವಳನ್ನು ನೋಡಿದರು. ಬಾಮ್ಮ, ಅಪ್ಪನ ಪಕ್ಕ ನಿಂತುಕೋ, ಫೋಟೋ ತೆಗೆಯೋಣ ಎಂದರು ಮೇಷ್ಟ್ರು.

"ಅವ್ರು ಯಾರೋ ನಂಗೊತ್ತಿಲ್ಲ ಸಾರ್" ಎಂದಳು ಕೃತಿಕಾ.

ಮೇಷ್ಟ್ರು ಗಲಿಬಿಲಿಗೊಂಡು ಗಂಗರಾಜುವಿನ ಮುಖ ನೋಡಿದರು. ಅವನು ಬಗ್ಗಿ ಪೈಪು ಸುತ್ತತೊಡಗಿದ. ಶಾಲೆಯ ಗಂಟೆ ಹೊಡೆಯಿತು. ಏಳನೇ ತರಗತಿಯ ಸಾಲು ಒಳಗೆ ಹೋಯಿತು.